ಹಳೆಯ ಗೇಮ್, ಹೊಸ ವಿಂಡೋಸ್, ನಡುವೆ ಡಿಎಸ್‌ಒಎಎಲ್

ಲೋಗೊ ಬರುತ್ತದೆ, ಮೆನು ಬರುತ್ತದೆ, ಮೊದಲ ಹಂತ ಲೋಡ್ ಆಗಿ ಎಲ್ಲೋ ಒಂದು ಬಾಗಿಲು ಕಿರ್ ಎಂದ ಕ್ಷಣಕ್ಕೇ ಗೇಮ್ ಮಾಯ, ಡೆಸ್ಕ್‌ಟಾಪ್ ಪ್ರತ್ಯಕ್ಷ. ಇಂಥ ಕಡೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಗ್ರಾಫಿಕ್ಸ್ ಡ್ರೈವರ್ ಕಿತ್ತು ಹೊಸದು ಹಾಕುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. 1998ರಿಂದ 2006ರ ನಡುವಿನ ಗೇಮ್ ಆಗಿದ್ದರೆ ಚಿತ್ರದಷ್ಟೇ ಸದ್ದನ್ನೂ ಅನುಮಾನಿಸಬೇಕು. ಸದ್ದಿನ ಕಾಯಿಲೆಗಳಲ್ಲಿ ಒಂದು ಬಗೆಗೆ ಡಿಎಸ್‌ಒಎಎಲ್ ಎಂಬ ಪುಟ್ಟ ಉಚಿತ ಸಾಫ್ಟ್‌ವೇರ್ ಬಲು ಒಳ್ಳೆಯ ಮದ್ದು. ಉಳಿದ ಬಗೆಗಳಿಗೆ ಅದನ್ನು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಹಾಗಾಗಿ ಯಾವ ಕಾಯಿಲೆ ಎಂದು ತಿಳಿಯದೆ ಇದನ್ನು ಹೊಗಳುವುದಕ್ಕೂ ಅರ್ಥವಿಲ್ಲ, ಬೈಯುವುದಕ್ಕೂ ಅರ್ಥವಿಲ್ಲ.

ವಿಂಡೋಸ್ ಎಕ್ಸ್‌ಪಿ ಕಾಲದ ಗೇಮ್‌ಗಳು ಡೈರೆಕ್ಟ್‌ಸೌಂಡ್ ಎಂಬ ವಿಂಡೋಸ್‌ನ ಸದ್ದಿನ ವ್ಯವಸ್ಥೆಯ ಮೂಲಕ ಸೌಂಡ್ ಕಾರ್ಡನ್ನೇ ನೇರವಾಗಿ ಮಾತಾಡಿಸುತ್ತಿದ್ದವು. ಕಾರ್ಡಿನೊಳಗಿನ ಬಫರ್‌ಗಳನ್ನು, ಅಂದರೆ ಸದ್ದು ತುಂಬಿಡುವ ಜಾಗಗಳನ್ನು, ಕೇಳಿ ಪಡೆದು, ಹೆಜ್ಜೆ ಸಪ್ಪಳ ಎಡಗಡೆಯಿಂದ ಬರಬೇಕೋ ಹಿಂದಿನಿಂದ ಬರಬೇಕೋ ಎಂಬ ಲೆಕ್ಕವನ್ನು ಕಾರ್ಡಿಗೇ ಬಿಡುತ್ತಿದ್ದವು. ಗುಹೆಯ ಮಾರ್ದನಿ, ಗೋಡೆಯಾಚೆಯ ಮಂಕು ಸದ್ದು ಇವೆಲ್ಲ ಇಎಎಕ್ಸ್ ಎಂಬ ವಿಸ್ತರಣೆಯ ಕೆಲಸ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾ ಈ ನೇರ ದಾರಿಯನ್ನು ಮುಚ್ಚಿತು. ಅಂದಿನಿಂದ ಡೈರೆಕ್ಟ್‌ಸೌಂಡ್ ಬರೀ ಸಾಫ್ಟ್‌ವೇರ್ ಅನುಕರಣೆ; ಹಾರ್ಡ್‌ವೇರ್ ಬಫರ್ ಕೊಡು ಎಂದರೆ ಸಿಗುವ ಉತ್ತರ 'ಇಲ್ಲ'. ಎಚ್ಚರದಿಂದ ಬರೆದ ಗೇಮ್ ಆ 'ಇಲ್ಲ'ವನ್ನು ಕೇಳಿಸಿಕೊಂಡು ಸಾಫ್ಟ್‌ವೇರ್ ಬಫರ್‌ಗೆ ಒಗ್ಗಿಕೊಳ್ಳುತ್ತದೆ. ಅವಸರದಲ್ಲಿ ಬರೆದದ್ದು ಉತ್ತರವನ್ನು ನೋಡುವುದೇ ಇಲ್ಲ, ಸಿಗದ ಬಫರ್‌ಗೆ ಸದ್ದು ತುಂಬಲು ಹೋಗುತ್ತದೆ, ಬೀಳುತ್ತದೆ. ವಿಂಡೋಸ್ ಇದಕ್ಕೆ ಕೊಡುವ ಸಂಖ್ಯೆ 0ಎಕ್ಸ್‌ಸಿ0000005. ತನ್ನದಲ್ಲದ ಮೆಮೊರಿಗೆ ಕೈಹಾಕಿದ ಪ್ರೋಗ್ರಾಮ್ ಎಂದು ಅದರರ್ಥ.

ಡಿಎಸ್‌ಒಎಎಲ್ ನಿಲ್ಲುವುದು ಇಲ್ಲಿ. ಗೇಮ್ ಕಣ್ಣಿಗೆ ಅದು ಡೈರೆಕ್ಟ್‌ಸೌಂಡ್. ಹಾರ್ಡ್‌ವೇರ್ ಬಫರ್ ಕೇಳಿದರೂ ಕೊಡುತ್ತದೆ, ಇಎಎಕ್ಸ್ ಕೇಳಿದರೂ ತಲೆಯಾಡಿಸುತ್ತದೆ. ಬೆನ್ನ ಹಿಂದೆ ಎಲ್ಲವನ್ನೂ ಓಪನ್‌ಎಎಲ್ ಸಾಫ್ಟ್ ಎಂಬ ಸದ್ದಿನ ಲೈಬ್ರರಿಗೆ ದಾಟಿಸುತ್ತದೆ. ಲೆಕ್ಕ ಮಾಡುವುದು ಪ್ರೊಸೆಸರ್. ಇಂದಿನ ಪ್ರೊಸೆಸರ್‌ಗೆ ಅದೊಂದು ಭಾರವೇ ಅಲ್ಲ. ವಿಶೇಷ ಸೌಂಡ್ ಕಾರ್ಡ್ ಬೇಕಿಲ್ಲ, ಮದರ್‌ಬೋರ್ಡಿನ ಸದ್ದೇ ಸಾಕು.

ಹಾಕುವ ಮುನ್ನ ಐದು ನಿಮಿಷದ ತಪಾಸಣೆ. ಗೇಮ್ ಬಿದ್ದ ತಕ್ಷಣ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಕೆಳಗಿನ ಅಪ್ಲಿಕೇಶನ್ ವಿಭಾಗದಲ್ಲಿ 1000 ಸಂಖ್ಯೆಯ ದೋಷವನ್ನು ಹುಡುಕಿ. ಅದರಲ್ಲಿ 'ಫಾಲ್ಟಿಂಗ್ ಮಾಡ್ಯೂಲ್' ಎಂಬ ಸಾಲಿದೆ, ನಮಗೆ ಬೇಕಾದ್ದು ಅದೊಂದೇ. ಡಿಸೌಂಡ್.ಡಿಎಲ್‌ಎಲ್ (ಡೈರೆಕ್ಟ್‌ಸೌಂಡ್‌ನ ಫೈಲು) ಎಂದಿದ್ದರೆ ಡಿಎಸ್‌ಒಎಎಲ್‌ಗೆ ಹೇಳಿ ಮಾಡಿಸಿದ ಕೇಸು. ಗೇಮ್‌ನ ಎಕ್ಸಿ (ಗೇಮ್ ಓಡಿಸುವ ಮುಖ್ಯ) ಫೈಲಿನ ಹೆಸರೇ ಇದ್ದು, ಗೇಮ್ ಒಳಗೆ ಸದ್ದನ್ನು ಪೂರ್ತಿ ಆಫ್ ಮಾಡಿದಾಗ ಬೀಳುವುದು ನಿಂತರೆ, ಆಗಲೂ ಪ್ರಯತ್ನಿಸಬಹುದು. ಕ್ವಾರ್ಟ್ಜ್.ಡಿಎಲ್‌ಎಲ್ ಅಥವಾ ಎಫ್‌ಎಫ್‌ಡಿಶೋ ಕಂಡರೆ ಅದು ಕೋಡೆಕ್ ಗಲಾಟೆ, ಅಂದರೆ ಹಾಡು, ವಿಡಿಯೊ ಫೈಲು ಬಿಚ್ಚಿ ನುಡಿಸುವ ಸಾಫ್ಟ್‌ವೇರ್‌ನದು. ಎಂಎಸ್‌ಎಸ್32 ಕಂಡರೆ ಮೈಲ್ಸ್ ಸೌಂಡ್ ಸಿಸ್ಟಮ್ ಎಂಬ ಬೇರೊಂದು ಸದ್ದಿನ ಲೈಬ್ರರಿ. ಈ ಎರಡರ ಮಾತು ಕೆಳಗಿದೆ. ಎನ್‌ವಿಡಿಯಾ, ಎಎಂಡಿ ಡ್ರೈವರ್‌ಗಳ ಹೆಸರು ಕಂಡರೆ ಈ ಬರಹ ಇಲ್ಲಿಗೇ ಬಿಡಬಹುದು.

ಅಳವಡಿಕೆಗೆ ಇನ್‌ಸ್ಟಾಲರ್ ಇಲ್ಲ. ಎರಡು ಫೈಲು, ಒಂದು ಫೋಲ್ಡರ್, ಅಷ್ಟೇ. ಒಂದು ಡಿಎಸ್‌ಒಎಎಲ್‌ನ ಡಿಸೌಂಡ್.ಡಿಎಲ್‌ಎಲ್, ವಿಂಡೋಸ್‌ನ ಫೈಲಿನದೇ ಹೆಸರು. ಇನ್ನೊಂದು ಓಪನ್‌ಎಎಲ್ ಸಾಫ್ಟ್‌ನ ಸಾಫ್ಟ್_ಓಎಎಲ್.ಡಿಎಲ್‌ಎಲ್; ಅದರ ಹೆಸರನ್ನು ಡಿಎಸ್‌ಒಎಎಲ್-ಎಎಲ್‌ಡಿಆರ್‌ವಿ.ಡಿಎಲ್‌ಎಲ್ ಎಂದು ಬದಲಿಸಬೇಕು. ಎರಡನ್ನೂ ನಿಜವಾಗಿ ಓಡುವ ಎಕ್ಸಿ ಇರುವ ಫೋಲ್ಡರಿಗೆ ಹಾಕಿ. 'ನಿಜವಾಗಿ' ಎಂದದ್ದಕ್ಕೆ ಕಾರಣವಿದೆ: ಅನೇಕ ಗೇಮ್‌ಗಳಲ್ಲಿ ಮೇಲಿನ ಫೋಲ್ಡರಿನಲ್ಲಿರುವುದು ಬರೀ ಲಾಂಚರ್, ಅಸಲಿ ಎಕ್ಸಿ 'ಸಿಸ್ಟಮ್' ಅಥವಾ 'ಬಿನ್' ಒಳಗೆ ಕೂತಿರುತ್ತದೆ. ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿಗೆ ಮಾತ್ರ ಇವನ್ನು ಎಂದೂ ಹಾಕಬೇಡಿ. ಬೇರೆ ಪ್ರೋಗ್ರಾಮ್‌ಗಳ ಸದ್ದೂ ಹಾಳಾಗಬಹುದು.

ಇಲ್ಲಿ ಎಡವುವ ಜಾಗ ಎರಡು. ಆ ಕಾಲದ ಗೇಮ್‌ಗಳು ಬಹುತೇಕ 32 ಬಿಟ್‌ನವು. ನಿಮ್ಮ ವಿಂಡೋಸ್ 64 ಬಿಟ್ ಆಗಿದ್ದರೂ ಹಾಕಬೇಕಾದ್ದು 32 ಬಿಟ್ ಫೈಲುಗಳನ್ನೇ. ತಪ್ಪಿದರೆ ಗೇಮ್ ಶುರುವಿಗೇ 0ಎಕ್ಸ್‌ಸಿ000007ಬಿ ಎಂದು ನಿಲ್ಲಬಹುದು, ಇಲ್ಲವೇ ತುಟಿ ಪಿಟಕ್ಕೆನ್ನದೆ ಮೂಕವಾಗಿ ಓಡಬಹುದು. ಎರಡನೆಯದು ಹೆಸರು ಬದಲಿಸುವಾಗಿನ ತಪ್ಪು. ಫೈಲಿನ ಬಾಲ ಕಾಣದಂತೆ ವಿಂಡೋಸ್ ಅಡಗಿಸಿಟ್ಟಿರುವುದರಿಂದ ಕೊನೆಗೆ ಡಿಎಲ್‌ಎಲ್.ಡಿಎಲ್‌ಎಲ್ ಎಂದು ಎರಡು ಸಲ ಆಗಿಬಿಡುತ್ತದೆ. ಆಗ ಗೇಮ್ ಓಡುತ್ತದೆ, ಸದ್ದು ಮಾತ್ರ ಇಲ್ಲ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಕೊಂಡೇ ಕೆಲಸ ಶುರು ಮಾಡಿ.

ಹಾಕಿದ್ದಾಯಿತು, ಗೇಮ್ ಅದನ್ನು ಎತ್ತಿಕೊಂಡಿತೋ ಇಲ್ಲವೋ? ಕಿವಿಯನ್ನು ನಂಬಬೇಡಿ, ಲಾಗ್ ನೋಡಿ. ಒಂದು ಬ್ಯಾಚ್ ಫೈಲಿನಲ್ಲಿ ಎಎಲ್‌ಸಾಫ್ಟ್_ಲಾಗ್‌ಲೆವೆಲ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 3 ಕೊಟ್ಟು, ಎಎಲ್‌ಸಾಫ್ಟ್_ಲಾಗ್‌ಫೈಲ್‌ಗೆ ಒಂದು ಟೆಕ್ಸ್ಟ್ ಫೈಲಿನ ಹೆಸರು ಕೊಟ್ಟು (ಎರಡೂ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿ), ಮುಂದಿನ ಸಾಲಿನಲ್ಲಿ ಗೇಮ್‌ನ ಎಕ್ಸಿಯನ್ನು ಕರೆಯಿರಿ. ಲಾಗ್ ಫೈಲ್ ಹುಟ್ಟಿದರೆ ಲೈಬ್ರರಿ ಕೆಲಸಕ್ಕೆ ಕೂತಿದೆ. ಸದ್ದು ಕೇಳುತ್ತಿದ್ದೂ ಲಾಗ್ ಹುಟ್ಟದಿದ್ದರೆ ಗೇಮ್ ಇನ್ನೂ ವಿಂಡೋಸ್‌ನ ಹಳೆಯ ಡೈರೆಕ್ಟ್‌ಸೌಂಡ್ ಜೊತೆಗೇ ಇದೆ.

ಹುಟ್ಟದೇ ಇರುವುದಕ್ಕೆ ಒಂದು ಕಾರಣ ಬಹಳ ಜನರಿಗೆ ಗೊತ್ತಿಲ್ಲ. ಕೆಲವು ಗೇಮ್‌ಗಳು ಡಿಸೌಂಡ್ ಫೈಲನ್ನು ಹೆಸರು ಹಿಡಿದು ಕರೆಯುವುದಿಲ್ಲ. ಕಾಮ್ ಎಂಬ ವಿಂಡೋಸ್ ವ್ಯವಸ್ಥೆಯ ಮೂಲಕ 'ಡೈರೆಕ್ಟ್‌ಸೌಂಡ್ ಕೊಡು' ಎನ್ನುತ್ತವೆ. ಆಗ ವಿಂಡೋಸ್ ತನ್ನ ಸೆಟ್ಟಿಂಗ್ಸ್‌ಗಳ ದಫ್ತರವಾದ ರಿಜಿಸ್ಟ್ರಿ ನೋಡಿ, ಅಲ್ಲಿ ಬರೆದಿರುವ ಪೂರ್ತಿ ವಿಳಾಸದಿಂದ, ಅಂದರೆ ಸಿಸ್ಟಮ್ ಫೋಲ್ಡರಿನಿಂದಲೇ ಎತ್ತಿ ಕೊಡುತ್ತದೆ. ನೀವು ಗೇಮ್ ಫೋಲ್ಡರಿನಲ್ಲಿಟ್ಟ ಫೈಲು ಅಲ್ಲೇ ಕೂತಿರುತ್ತದೆ. ಪರಿಹಾರ, ರಿಜಿಸ್ಟ್ರಿಯ ಕರೆಂಟ್ ಯೂಸರ್ ಭಾಗದಲ್ಲಿ ಡೈರೆಕ್ಟ್‌ಸೌಂಡ್ ಮತ್ತು ಡೈರೆಕ್ಟ್‌ಸೌಂಡ್8 ಎರಡರ ಗುರುತು ಸಂಖ್ಯೆಗಳ ಕೆಳಗೂ ವಿಳಾಸವಿಲ್ಲದೆ ಬರೀ ಫೈಲಿನ ಹೆಸರು ಇರುವ ನಮೂದು ಸೇರಿಸುವುದು. ಹೆಸರು ಮಾತ್ರ ಇದ್ದರೆ ಹುಡುಕಾಟ ಗೇಮ್ ಫೋಲ್ಡರಿನಿಂದ ಶುರುವಾಗುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಗೇಮ್‌ಗೆ ಈ ನಮೂದು ವಾವ್6432ನೋಡ್ ಕೆಳಗೆ ಹೋಗಬೇಕು. ರಿಜಿಸ್ಟ್ರಿ ಎಂದರೆ ಅಳುಕುವವರು ಇಷ್ಟು ದೂರ ಬರುವುದಿಲ್ಲ. ಡಿಎಸ್‌ಒಎಎಲ್ ಬಗ್ಗೆ ನಮ್ಮ ಮೊದಲ ತಕರಾರೇ ಇದು. ಬಳಸುವವರಿಗೆ ಒಂದು ಬಟನ್, ಒಂದು ಕಿಟಕಿ, ಏನೂ ಇಲ್ಲ.

ಸೆಟ್ಟಿಂಗ್ಸ್ ಎಲ್ಲ ಎಎಲ್‌ಸಾಫ್ಟ್.ಐಎನ್‌ಐ ಫೈಲಿನಲ್ಲಿ, ಅದೂ ಎಕ್ಸಿ ಪಕ್ಕದಲ್ಲೇ ಇರಲಿ. ಮುಟ್ಟಬೇಕಾದ ಸಾಲುಗಳು ನಾಲ್ಕೈದು. ಫ್ರೀಕ್ವೆನ್ಸಿ 48000. ಹೆಡ್‌ಫೋನ್ ಬಳಸುವವರು ಎಚ್‌ಆರ್‌ಟಿಎಫ್ (ಎರಡೇ ಕಿವಿಗೆ ಸುತ್ತಲಿನ ದಿಕ್ಕು ಕೇಳಿಸುವ ಲೆಕ್ಕ) ಟ್ರೂ ಮಾಡಿ. ಬೆನ್ನ ಹಿಂದಿನ ಹೆಜ್ಜೆ ಸಪ್ಪಳ ನಿಜಕ್ಕೂ ಬೆನ್ನ ಹಿಂದೆಯೇ ಕೇಳುತ್ತದೆ, ಈ ಸಾಫ್ಟ್‌ವೇರ್‌ನ ನಿಜವಾದ ಸೊಗಸು ಅಲ್ಲಿದೆ. ಸ್ಪೀಕರ್ ಇದ್ದರೆ ಫಾಲ್ಸ್; ಟ್ರೂ ಬಿಟ್ಟರೆ ಎಲ್ಲವೂ ಡಬ್ಬದೊಳಗಿನ ಸದ್ದು. ಚಟಪಟ ಸದ್ದು ಬಂದರೆ ಪೀರಿಯಡ್_ಸೈಜ್ 1024, ಪೀರಿಯಡ್ಸ್ 4 ಕೊಟ್ಟು ನೋಡಿ. 48000ರ ಲೆಕ್ಕದಲ್ಲಿ ಒಂದು ಪೀರಿಯಡ್ (ಒಂದು ಸಲಕ್ಕೆ ತುಂಬುವ ಸದ್ದಿನ ತುಂಡು) 21 ಮಿಲಿಸೆಕೆಂಡು, ನಾಲ್ಕೂ ಸೇರಿ ಸುಮಾರು 85. ಗುಂಡು ಹಾರಿದ್ದಕ್ಕೂ ಸದ್ದಿಗೂ ಅಂತರ ಗೊತ್ತಾಗುವಷ್ಟು ಆದರೆ ಇಳಿಸಿ. ಕೇಳಿದಷ್ಟೇ ಬಫರ್ ಸಿಗುತ್ತದೆ ಎಂಬ ಖಾತ್ರಿಯಿಲ್ಲ, ಕೊನೆಯ ಮಾತು ವಿಂಡೋಸ್‌ನದು. ಎಚ್‌ಆರ್‌ಟಿಎಫ್ ಹಾಕಿದವರು ವಿಂಡೋಸ್‌ನ ಸ್ಪೇಷಿಯಲ್ ಸೌಂಡ್ ಆಫ್ ಮಾಡಲೇಬೇಕು. ಒಂದರ ಮೇಲೊಂದು ಕೂತರೆ ದಿಕ್ಕು ಕಲಸುಮೇಲೋಗರ.

ಈಗ ಇದರಿಂದ ವಾಸಿಯಾಗದವುಗಳ ಕಡೆ. 2006ರ ಆಬ್ಲಿವಿಯನ್, 2008ರ ಫಾಲ್ಔಟ್ 3 ಎರಡೂ ಹಿನ್ನೆಲೆ ಸಂಗೀತದ ಎಂಪಿ3ಯನ್ನು ಹಾಡು, ವಿಡಿಯೊ ನುಡಿಸುವ ವಿಂಡೋಸ್‌ನ ಡೈರೆಕ್ಟ್‌ಶೋ ಮೂಲಕ ನುಡಿಸುತ್ತವೆ. ಯಂತ್ರದಲ್ಲಿ ಕೋಡೆಕ್ ಪ್ಯಾಕ್ ಇದ್ದರೆ ಅದರ ಎಫ್‌ಎಫ್‌ಡಿಶೋ ನಡುವೆ ನುಸುಳಿ, ಹಾಡು ಬದಲಾಗುವ ಹೊತ್ತಿಗೆ ಗೇಮ್ ಬೀಳಿಸಬಹುದು. ಎಫ್‌ಎಫ್‌ಡಿಶೋದ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ 'ಇವುಗಳಲ್ಲಿ ಬಳಸಬೇಡ' ಎಂಬ ಪಟ್ಟಿಗೆ ಗೇಮ್‌ನ ಎಕ್ಸಿ ಹೆಸರು ಸೇರಿಸಿದರೆ ಮುಗಿಯಿತು. ಸಂಗೀತದ್ದೇ ತಪ್ಪೆಂದು ಖಚಿತಪಡಿಸಿಕೊಳ್ಳಲು ಆಬ್ಲಿವಿಯನ್‌ನ ಐಎನ್‌ಐ ಫೈಲಿನಲ್ಲಿ ಬಿಮ್ಯೂಸಿಕ್‌ಎನೇಬಲ್ಡ್ ಸಾಲಿಗೆ 0 ಕೊಟ್ಟು ಒಂದು ಗಂಟೆ ಆಡಿದರೆ ಸಾಕು.

2003ರ ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್‌ನದು ಮೈಲ್ಸ್ ಸೌಂಡ್ ಸಿಸ್ಟಮ್. ಅದರ ಐಎನ್‌ಐ ಫೈಲಿನ 'ಸೌಂಡ್ ಆಪ್ಷನ್ಸ್' ವಿಭಾಗದಲ್ಲಿ ಫೋರ್ಸ್ ಸಾಫ್ಟ್‌ವೇರ್ 1 ಮಾಡಿದರೆ ಹಾರ್ಡ್‌ವೇರ್ ಗೊಡವೆಯೇ ಇಲ್ಲ. ಇಎಎಕ್ಸ್ ಹೋಗುತ್ತದೆ, ಗೇಮ್ ಉಳಿಯುತ್ತದೆ. ಮೊದಲು ಇದನ್ನು ಮಾಡಿ, ಆಮೇಲೆ ಮಾರ್ದನಿಯ ಆಸೆ ಇದ್ದವರು ಇದನ್ನು ಹಿಂದಕ್ಕೆ ತಿರುಗಿಸಿ ಡಿಎಸ್‌ಒಎಎಲ್ ಹಾಕಿ ನೋಡಬಹುದು. ಒಂದು ಎಚ್ಚರ: ಗೇಮ್ ಪ್ರೋಗ್ರಾಮ್ ಫೈಲ್ಸ್ ಒಳಗಿದ್ದರೆ ನೀವು ತಿದ್ದಿದ ಐಎನ್‌ಐ ಒಂದು, ಗೇಮ್ ಓದುವ ಐಎನ್‌ಐ ಇನ್ನೊಂದು ಆಗಿರಬಹುದು. ಆಪ್‌ಡೇಟಾ ಒಳಗಿನ ವರ್ಚುವಲ್‌ಸ್ಟೋರ್ ಫೋಲ್ಡರನ್ನೂ ಒಮ್ಮೆ ಇಣುಕಿ. ಹಳೆಯ ಗೇಮ್‌ಗಳನ್ನು ಪ್ರೋಗ್ರಾಮ್ ಫೈಲ್ಸ್ ಹೊರಗೆ ಇನ್‌ಸ್ಟಾಲ್ ಮಾಡುವುದೇ ಜಾಣತನ.

ಅನ್‌ರಿಯಲ್ ಟೂರ್ನಮೆಂಟ್ 2004ರಂಥವು ಓಪನ್‌ಎಎಲ್ ಅನ್ನೇ ನೇರ ಬಳಸುತ್ತವೆ, ಆದರೆ ಜೊತೆಗೆ ತಂದಿರುವ ಓಪನ್‌ಎಎಲ್32 ಫೈಲು ಅಜ್ಜನ ಕಾಲದ್ದು. ಅಲ್ಲಿ ಡಿಎಸ್‌ಒಎಎಲ್ ಬೇಡ. ಹಳೆಯ ಫೈಲಿನ ಹೆಸರು ಬದಲಿಸಿ ಪಕ್ಕಕ್ಕಿಟ್ಟು, 32 ಬಿಟ್ ಸಾಫ್ಟ್_ಓಎಎಲ್‌ಗೆ ಅದರ ಹೆಸರಿಟ್ಟು ಕೂರಿಸಿ. ಎಕ್ಸ್‌ಆಡಿಯೊ2_7 ಇಲ್ಲ, ಎಕ್ಸ್3ಡಿಆಡಿಯೊ1_7 ಇಲ್ಲ ಎಂದು ಕೂಗುವ ತುಸು ಹೊಸ ಗೇಮ್‌ಗಳಿಗೆ ಬೇಕಾದ್ದು 2010ರ ಜೂನ್‌ನ ಡೈರೆಕ್ಟ್‌ಎಕ್ಸ್ ರನ್‌ಟೈಮ್.

ಇನ್ನು ಏನನ್ನೂ ಡೌನ್‌ಲೋಡ್ ಮಾಡದೆ ನೋಡಬೇಕಾದ್ದು ವಿಂಡೋಸ್‌ನ ಹಳೆಯ ಸೌಂಡ್ ಕಿಟಕಿ, ರನ್‌ನಲ್ಲಿ ಎಂಎಂಸಿಸ್.ಸಿಪಿಎಲ್ ಕೊಟ್ಟರೆ ತೆರೆಯುತ್ತದೆ. ಸಾಧನದ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿ 192000 ಹರ್ಟ್ಜ್ ಇದ್ದರೆ 16 ಬಿಟ್, 48000ಕ್ಕೆ ಇಳಿಸಿ, 7.1 ಇದ್ದರೆ ಸ್ಟೀರಿಯೊ ಮಾಡಿ. ಮದರ್‌ಬೋರ್ಡ್ ಜೊತೆ ಬರುವ 'ಸದ್ದು ಚೆಂದ ಮಾಡುವ' ಸಾಫ್ಟ್‌ವೇರ್‌ಗಳು ಗೇಮ್ ಒಳಗೆ ತಮ್ಮ ಫೈಲು ತೂರಿಸುತ್ತವೆ, ಅವನ್ನು ಮುಚ್ಚಿ. ಆಟದ ನಡುವೆ ಬ್ಲೂಟೂತ್ ಹೆಡ್‌ಸೆಟ್ ಆರಿದರೆ ಅಥವಾ ಎಚ್‌ಡಿಎಂಐ ಮಾನಿಟರ್ ನಿದ್ದೆಗೆ ಹೋದರೆ ಸೌಂಡ್ ಸಾಧನವೇ ಕಣ್ಮರೆ. ಸೌಂಡ್ ಕಾರ್ಡ್ ಯಂತ್ರ ಬಿಟ್ಟು ಎದ್ದು ಹೋಗಬಹುದು ಎಂಬ ಕಲ್ಪನೆಯೇ ಆ ಗೇಮ್ ಬರೆದವರಿಗೆ ಇರಲಿಲ್ಲ.

ಬೇರೆ ಆಯ್ಕೆಗಳಲ್ಲಿ ಸೌಂಡ್ ಕಾರ್ಡ್ ಕಂಪನಿ ಕ್ರಿಯೇಟಿವ್‌ನ ಆಲ್ಕೆಮಿ ಇದೇ ಉಪಾಯದ ಹಳೆಯ ರೂಪ. ಅದಕ್ಕೆ ಕಿಟಕಿಯಿದೆ, ಗೇಮ್‌ಗಳ ಪಟ್ಟಿಯಿದೆ, ಕ್ರಿಯೇಟಿವ್ ಕಾರ್ಡ್ ಇದ್ದವರಿಗೆ ಅದೇ ಸಲೀಸು. ಇಂಡೈರೆಕ್ಟ್‌ಸೌಂಡ್ ಎಂಬುದು ಎಕ್ಸ್‌ಆಡಿಯೊ2 ಎಂಬ ವಿಂಡೋಸ್‌ನ ಹೊಸ ಸದ್ದಿನ ಲೈಬ್ರರಿ ಕಡೆಗೆ ದಾಟಿಸುತ್ತದೆ, ಇಎಎಕ್ಸ್ ಇಲ್ಲ. ಬೀಳುವುದೊಂದು ನಿಂತರೆ ಸಾಕು ಎನ್ನುವವರಿಗೆ ಅದೂ ಆದೀತು. ಇಎಎಕ್ಸ್ ಮಾರ್ದನಿಯೂ ಬೇಕು, ಕಾರ್ಡೂ ಇಲ್ಲ ಎಂದಾದರೆ ಡಿಎಸ್‌ಒಎಎಲ್‌ಗೆ ಸಮ ಇನ್ನೊಂದಿಲ್ಲ. ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್ ಓಡಿಸಲು ವೈನ್ ಅಥವಾ ಪ್ರೋಟಾನ್ ಬಳಸುವವರು ಫೈಲು ಹಾಕಿದ ಮೇಲೆ ವೈನ್‌ಡಿಎಲ್‌ಎಲ್‌ಓವರ್‌ರೈಡ್ಸ್‌ನಲ್ಲಿ ಡಿಸೌಂಡ್‌ಗೆ 'ಎನ್,ಬಿ' ಕೊಡಬೇಕು, ಇಲ್ಲದಿದ್ದರೆ ವೈನ್ ತನ್ನದೇ ಡೈರೆಕ್ಟ್‌ಸೌಂಡ್ ಹಿಡಿದುಕೊಳ್ಳುತ್ತದೆ.

ಮೋಸ ತಡೆಯುವ ವ್ಯವಸ್ಥೆ ಇರುವ ಆನ್‌ಲೈನ್ ಗೇಮ್‌ಗಳಿಗೆ ಇದನ್ನು ಹಾಕಲೇಬೇಡಿ. ಅಪರಿಚಿತ ಡಿಎಲ್‌ಎಲ್ ಕಂಡರೆ ಖಾತೆಗೇ ಕುತ್ತು. ತೆಗೆಯುವುದು ಹಾಕಿದ್ದಕ್ಕಿಂತ ಸುಲಭ, ಫೈಲುಗಳನ್ನು ಅಳಿಸಿದರಾಯಿತು. ಕಾಮ್ ನಮೂದು ಸೇರಿಸಿದ್ದವರು ಅದನ್ನೂ ರಿಜಿಸ್ಟ್ರಿಯಿಂದ ಅಳಿಸಿ: ಅದು ಒಂದು ಗೇಮ್‌ಗೆ ಸೀಮಿತವಲ್ಲ, ಆ ಬಳಕೆದಾರರ ಎಲ್ಲ ಪ್ರೋಗ್ರಾಮ್‌ಗಳಿಗೂ ಅನ್ವಯಿಸುತ್ತದೆ.