ವಾಚಿನ ಚೈನಿಗೆ ಪಿನ್ನು ಹಾಕಿಸುವ ಮುಂಚೆ ದಪ್ಪ ಅಳೆಸಿ

ಮೈಸೂರಿನ ಅಂಗಡಿಯೊಂದರಲ್ಲಿ ಸ್ಟೀಲ್ ಚೈನಿಗೆ ಹೊಸ ಪಿನ್ನು ಹಾಕಿಸಿದ ವಾಚು ಎರಡೇ ವಾರಕ್ಕೆ ಕೈಯಿಂದ ಕಳಚಿ ರಸ್ತೆಗೆ ಬಿತ್ತು. ಗಾಜು ಚೂರಾಯಿತು, ಸೆಕೆಂಡಿನ ಮುಳ್ಳು ಬಾಗಿತು. ಕೊಂಡಿಯಲ್ಲಿ ಅರ್ಧ ಉಳಿದಿದ್ದ ಪಿನ್ನನ್ನು ಅಳೆದರೆ 0.8 ಮಿ.ಮೀ. ದಪ್ಪ, ಪಕ್ಕದ ಕೊಂಡಿಯ ಮೂಲ ಪಿನ್ನು 1.0. ಉದ್ದ ಮಾತ್ರ ಸರಿಯಾಗಿತ್ತು, ಅದಕ್ಕೇ ಮೇಲಿಂದ ನೋಡಿದವರಿಗೆ ತಪ್ಪು ಕಾಣಲಿಲ್ಲ. ಸಡಿಲವಾಗಿದ್ದಕ್ಕೆ ಇಕ್ಕಳದಲ್ಲಿ ನಡುವೆ ಒಂಚೂರು ಬಗ್ಗಿಸಿ ತೂರಿಸಿದ್ದರು. ಹಾಗೆ ಬಗ್ಗಿಸಿದ ಪಿನ್ನು ನಾಲ್ಕು ದಿನ ಹಿಡಿಯುತ್ತದೆ, ಕೈ ಆಡಿದಂತೆಲ್ಲ ಸವೆದು ಜಾರುತ್ತದೆ.

ಮೊದಲು ಯಾವ ಪಿನ್ನು ಬೇಕು ಅಂತ ತಿಳಿದುಕೊಳ್ಳಿ. ಚೈನನ್ನು ವಾಚಿಗೆ ಹಿಡಿಸುವುದು ಸ್ಪ್ರಿಂಗ್ ಬಾರ್, ಅಂದರೆ ಒಳಗೆ ಸ್ಪ್ರಿಂಗ್ ಇರುವ ಕಡ್ಡಿ; ಕೊಂಡಿಗೆ ಕೊಂಡಿ ಸೇರಿಸುವುದು ಬೇರೆ ಪಿನ್ನು. ಸ್ಪ್ರಿಂಗ್ ಬಾರಿನಲ್ಲೂ ‘20 ಮಿ.ಮೀ. ಕೊಡಿ’ ಅಂತ ಉದ್ದ ಮಾತ್ರ ಹೇಳಿದರೆ ಸಾಲದು. ಆನ್‌ಲೈನಿನಲ್ಲಿ ಬರುವ ಎಷ್ಟೋ ಡಬ್ಬಿಗಳಲ್ಲಿ ಉದ್ದ ಬೇರೆ ಬೇರೆ, ದಪ್ಪ ಎಲ್ಲಕ್ಕೂ 1.5 ಮಿ.ಮೀ. ಒಂದೇ. ಸೀಕೊ ಕಂಪನಿಯ ಡೈವರ್ (ಮುಳುಗುಗಾರರ) ವಾಚುಗಳಲ್ಲಿ ಹಲವಕ್ಕೆ 2.5 ಬೇಕು, ಅದರ ತುದಿಯೂ ದಪ್ಪ. ತೆಳ್ಳನೆಯ ತುದಿ ದೊಡ್ಡ ರಂಧ್ರದಲ್ಲಿ ಕೂತಂತೆ ಕಂಡರೂ ಎಳೆದಾಗ ತಪ್ಪಿಸಿಕೊಳ್ಳುತ್ತದೆ.

ಕೊಂಡಿಯ ಪಿನ್ನಿಗೆ ಅದೇ ಚೈನಿನ ಇನ್ನೊಂದು ಮೂಲ ಪಿನ್ನು ತೆಗೆಸಿ, ದಪ್ಪ ಅಳೆಯುವ ಉಪಕರಣವಾದ ಕ್ಯಾಲಿಪರಿನಲ್ಲಿ ಅಳೆಸಿ. ಸೀಳು ಪಿನ್ನಾದರೆ ಸೀಳಿರುವ ತುದಿ ಅರಳಿರುತ್ತದೆ, ಗಟ್ಟಿ ಭಾಗವನ್ನೇ ಅಳೆಯಬೇಕು. ಚೈನು ಲಾಕಿನ ಕಡೆ ಕಿರಿದಾಗುತ್ತಾ ಹೋಗುವಂಥದ್ದಾದರೆ ಉದ್ದವನ್ನು ಪಿನ್ನು ಹೋಗಬೇಕಾದ ಕೊಂಡಿಯ ಅಗಲಕ್ಕೇ ನೋಡಿ. ಬೆರಳಲ್ಲೇ ಪೂರ್ತಿ ಒಳಗೆ ಹೋದ ಸೀಳು ಪಿನ್ನು ತೆಳ್ಳಗಿದೆ ಅಂತಲೇ ಅರ್ಥ. ಕೊನೆಯ ಭಾಗಕ್ಕೆ ಸಣ್ಣ ಸುತ್ತಿಗೆಯ ಮೆಲ್ಲನೆಯ ಏಟು ಬೇಕಾಗಬೇಕು.

ಇದಕ್ಕಿಂತ ಕೆಟ್ಟದ್ದು ಕಾಲರ್ ಇರುವ ಚೈನು. ಸೀಕೊ, ಸಿಟಿಜನ್‌ಗಳ ಹಲವು ಚೈನುಗಳಲ್ಲಿ ಪಿನ್ನು ನುಣುಪಾಗಿರುತ್ತದೆ, ಅದನ್ನು ಹಿಡಿಯುವುದು ಕೊಂಡಿಯೊಳಗಿನ ಎಳ್ಳುಕಾಳಿನಷ್ಟು ಕೊಳವೆ, ಅದೇ ಕಾಲರ್. ಪಿನ್ನು ತೆಗೆಯುವಾಗ ಅದು ಸದ್ದಿಲ್ಲದೆ ಉದುರುತ್ತದೆ. ಆಮೇಲೆ ಪಿನ್ನು ನಿಲ್ಲದಿದ್ದರೆ ‘ತೆಳ್ಳಗಾಯ್ತು’ ಅಂದುಕೊಂಡು ದಪ್ಪನೆಯದನ್ನು ಹೊಡೆದು ಕೂರಿಸುತ್ತಾರೆ, ರಂಧ್ರ ಶಾಶ್ವತವಾಗಿ ಹಿಗ್ಗುತ್ತದೆ. ಆ ಕೊಂಡಿ ಇನ್ನು ಕೆಲಸಕ್ಕೆ ಬಾರದು. ಬಿಳಿ ಬಟ್ಟೆ ಹಾಸಿ ಅದರ ಮೇಲೇ ತೆಗೆಯಲು ಹೇಳಿ. ಕೊಂಡಿಯ ಒಳಮೈಯಲ್ಲಿ ಬಾಣದ ಗುರುತಿದ್ದರೆ ಆ ದಿಕ್ಕಿಗೆ ತಳ್ಳಿ ತೆಗೆಯಬೇಕು, ಎದುರು ದಿಕ್ಕಿನಿಂದ ಹಾಕಬೇಕು.

ಮೈಸೂರಿನಲ್ಲಿ ಚಿಕ್ಕ ಗಡಿಯಾರ ಗೋಪುರದ ಸುತ್ತಮುತ್ತ ಹೋಗಿ, ದೇವರಾಜ ಅರಸು ರಸ್ತೆಗೆ ಹೋಗಿ, ‘ಕ್ಯಾಲಿಪರ್ ಇದೆಯಾ ಸಾರ್?’ ಅಂತ ಕೇಳಿಯೇ ವಾಚು ಕೈಗೆ ಕೊಡಿ. ‘ಕಣ್ಣಲ್ಲೇ ಗೊತ್ತಾಗುತ್ತೆ’ ಅಂದರೆ ವಾಚು ವಾಪಸ್ ತೆಗೆದುಕೊಳ್ಳಿ: 0.8ಕ್ಕೂ 1.0ಕ್ಕೂ ಇರುವ ವ್ಯತ್ಯಾಸ ಎರಡು ಮೂರು ಕೂದಲೆಳೆಯಷ್ಟು.