ವೊಕೇಶನ್ ಕ್ಯಾಂಪ್: ಒಬ್ಬನೇ ಮಗನ ತಾಯಿಯಿಂದ ಐದಕ್ಕೆ ನಾಲ್ಕು ಸ್ಟಾರ್

ಫಾದರ್ (ಕ್ರೈಸ್ತ ಗುರು) ಆಗುವ ಮನಸ್ಸಿರುವ ಹುಡುಗರಿಗೆ ನಡೆಸುವ ದೈವಕರೆ ಶಿಬಿರಕ್ಕೂ ಯಾರಾದರೂ ಸ್ಟಾರ್ ಕೊಡ್ತಾರಾ ಅಂತ ನಮ್ಮ ಯಜಮಾನರು ನಕ್ಕರು. ಯಾಕೆ ಕೊಡಬಾರದು? ಟ್ಯೂಷನ್‌ಗೆ ಸೇರಿಸುವ ಮುಂಚೆ ನಾಲ್ಕು ಜನರನ್ನು ಕೇಳುತ್ತೇವೆ. ಮಗನನ್ನೇ ಬಿಟ್ಟುಕೊಡಬೇಕಾಗಿ ಬರಬಹುದಾದ ಜಾಗದ ಬಗ್ಗೆ ಮಾತ್ರ ಒಬ್ಬರೂ ಬರೆಯುವುದಿಲ್ಲ.

ನಾನು ಶಿವಾಜಿನಗರದಲ್ಲಿ ಬ್ಲೌಸ್ ಹೊಲಿಯುವವಳು. ಆಗಸ್ಟ್ ಕೊನೆ ಬಂತೆಂದರೆ ಆರೋಗ್ಯಮಾತೆ (ಮೇರಿಮಾತೆ) ಹಬ್ಬಕ್ಕೆ ಕಾವಿ ಬ್ಲೌಸ್‌ಗಳದೇ ರಾಶಿ. ಸೆಪ್ಟೆಂಬರ್ 8 ಮುಗಿಯುವವರೆಗೆ ತಲೆ ಎತ್ತುವಂತಿಲ್ಲ. ನಮಗೆ ಒಬ್ಬನೇ ಮಗ. ದ್ವಿತೀಯ ಪಿಯು ಪರೀಕ್ಷೆ ಮುಗಿಸಿ ಬಂದವನು, "ಅಮ್ಮಾ, ನಾನು ಫಾದರ್ ಆಗ್ಲಾ?" ಅಂದ. ನಮ್ಮತ್ತೆ ಹಾರೋಬೆಲೆಯವರು. ಬಹಳ ಮಂದಿ ಗುರುಗಳು, ಸಿಸ್ಟರ್‌ಗಳು ಬಂದಿರುವ ಊರದು. ಅವರು ಆಗಲೇ ಜಪಸರ ಹಿಡಿದು ಕೂತರು. ನನಗೆ ಮಾತ್ರ ಕೈಕಾಲು ಆಡಲಿಲ್ಲ.

ಪಾಸ್ಖ (ಈಸ್ಟರ್) ಕಾಲದ 4ನೇ ಭಾನುವಾರ ದೈವಕರೆಗಾಗಿ ಪ್ರಾರ್ಥಿಸುವ ದಿನ. ಪೋಪ್ ಆರನೇ ಪೌಲ್ 1964ರಲ್ಲಿ ಶುರು ಮಾಡಿದ್ದು. ಆ ದಿನ ಪೂಜೆಯಲ್ಲಿ ಬೆಳೆ ಜಾಸ್ತಿ, ಕೊಯ್ಯುವವರು ಕಡಿಮೆ, ಅಂದರೆ ಫಾದರ್ ಆಗುವವರು ಸಾಲದು ಅಂತ ಪ್ರಸಂಗ ಕೇಳುತ್ತೇವೆ, ಜೋರಾಗಿ ಆಮೆನ್ ಅನ್ನುತ್ತೇವೆ. ಪಕ್ಕದ ಮನೆ ಹುಡುಗನನ್ನು ನೆನೆಸಿಕೊಂಡು!

ಬೆಂಗಳೂರಿನಲ್ಲಿ ಫಾದರ್ ಆಗುವವರು ಓದುವ ಜಾಗಗಳಿಗೆ ಬರವಿಲ್ಲ. ಮಲ್ಲೇಶ್ವರದಲ್ಲಿ ಸಂತ ಪೇತ್ರರ ಗುರುಮಠ, ಹೊಸೂರು ರಸ್ತೆಯಲ್ಲಿ ಧರ್ಮಾರಾಮ್, ಇನ್ನೂ ಎಷ್ಟೋ. ಮಗ ಹೋದದ್ದು ಊರಾಚೆ ಇರುವ ಒಂದು ಸಣ್ಣ ಸಭೆಯ (ವ್ರತ ತೊಟ್ಟು ಒಟ್ಟಿಗೆ ಬಾಳುವ ಫಾದರ್, ಬ್ರದರ್‌ಗಳ ಸಂಘದ) ಮನೆಗೆ. 'ಕಮ್ ಅಂಡ್ ಸೀ' ಅಂತಾರಲ್ಲ, ಅದು. ಬೈಬಲಿನಲ್ಲಿ ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಇಬ್ಬರು ಶಿಷ್ಯರು ಯೇಸುವನ್ನು ಎಲ್ಲಿ ಉಳಿದುಕೊಂಡಿದ್ದೀರಿ ಅಂತ ಕೇಳುತ್ತಾರೆ, ಬಂದು ನೋಡಿ ಅನ್ನುತ್ತಾರೆ ಅವರು. ಕ್ಯಾಂಪ್‌ಗೆ ಫೀಸ್ ಇಲ್ಲ, ಕೈಲಾದಷ್ಟು ಕಾಣಿಕೆ. ಊಟ ಮುದ್ದೆ, ಸೊಪ್ಪಿನ ಸಾರು, ಒಂದು ದಿನ ಕೋಳಿ. ಸೊಳ್ಳೆ ವಿಪರೀತ.

ಮೊದಲ ಸ್ಟಾರ್ ಒಂದು ತರಗತಿಗೆ. ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದ ಶ್ರೀಮಂತನ ಕಥೆ ನಿಮಗೆ ಗೊತ್ತು. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಅಂತ ಯೇಸು ಅಂದಾಗ ಅವನು ಮುಖ ಸಪ್ಪೆ ಮಾಡಿಕೊಂಡು ಹೊರಟುಹೋಗುತ್ತಾನೆ. ನಾನು ಚಿಕ್ಕಂದಿನಿಂದ ಕೇಳಿದ್ದು ಆಸ್ತಿಯ ಆಸೆ ಕೆಟ್ಟದ್ದು ಅನ್ನುವ ಪಾಠ ಮಾತ್ರ. ಇಲ್ಲಿ ಬ್ರದರ್ ಹುಡುಗರಿಗೆ ಬೇರೆಯೇ ಪ್ರಶ್ನೆ ಹಾಕಿದರಂತೆ: ಯೇಸು ಅವನ ಹಿಂದೆ ಓಡಿದರಾ? ಇಲ್ಲ. ಪ್ರೀತಿಯಿಂದ ನೋಡಿದರು ಅಂತ ಬರೆದಿದೆ. ಆದರೂ ಹೋಗಲು ಬಿಟ್ಟರು. ನಿಮ್ಮನ್ನೂ ಇಲ್ಲಿ ಯಾರೂ ಹಿಡಿದಿಟ್ಟುಕೊಳ್ಳುವುದಿಲ್ಲ ಅಂದರಂತೆ. ಮಗ ಇದನ್ನು ಹೇಳಿದ ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ. ನಮಗೆ ತಿಳಿದವರ ಹುಡುಗ ಬೇರೆ ಒಂದು ಕಡೆ ಕ್ಯಾಂಪ್‌ಗೆ ಹೋಗಿ ಬಂದ ಮೇಲೆ ಅವರ ಮನೆಗೆ ವಾರ ವಾರ ಫೋನ್ ಬರುತ್ತಿತ್ತು. ಯಾವಾಗ ಸೇರ್ತಾನೆ, ಯಾವಾಗ ಸೇರ್ತಾನೆ ಅಂತ. ಅದು ಕರೆಯಲ್ಲ, ಕಾಟ.

ಎರಡನೆಯದು ವೃದ್ಧಾಶ್ರಮಕ್ಕೆ. ಹುಡುಗರನ್ನು ಒಂದು ಬೆಳಗ್ಗೆ ಅಲ್ಲಿಗೆ ಕರೆದುಕೊಂಡು ಹೋದರು. ಭಾಷಣವಿಲ್ಲ, ಹಾಡಿಲ್ಲ. ತಾತಂದಿರ ಉಗುರು ಕತ್ತರಿಸುವುದು, ಹಾಸಿಗೆ ಬದಲಿಸುವುದು. ತೀರಾ ಆಳಕ್ಕೆ ಕತ್ತರಿಸಿದೆ ಅಂತ ಒಬ್ಬ ತಾತ ನನ್ನ ಮಗನಿಗೆ ಚೆನ್ನಾಗಿ ಬೈದರಂತೆ. ಫೋಟೊ ತೆಗೆಯಲು ಬ್ರದರ್ ಬಿಡಲಿಲ್ಲ. ಆ ಫೋಟೊ ನಿಷೇಧಕ್ಕೇ ನಾನು ಈ ಸ್ಟಾರ್ ಕೊಟ್ಟದ್ದು ಅಂದುಕೊಳ್ಳಿ.

ಇನ್ನೊಂದು ನಾನೇ ಕಂಡದ್ದು. ಕೊನೆಯ ದಿನ ತಂದೆತಾಯಿಯನ್ನು ಕರೆದಿದ್ದರು. ಪೂಜೆ ಮಾಡಿದ ಫಾದರ್ ನಿಲುವಂಗಿಯ ಮೊಣಕೈ ಹತ್ತಿರ ತೇಪೆ ಇತ್ತು. ದಾರದ ಬಣ್ಣ ಬಟ್ಟೆಗೆ ಹೊಂದಿರಲಿಲ್ಲ, ಹೊಲಿಗೆಯೂ ಸೊಟ್ಟ. ಅವರೇ ಕೂತು ಹೊಲಿದುಕೊಂಡಿದ್ದಾರೆ ಅಂತ ಗೊತ್ತಾಯಿತು. ಬಡತನದ ವ್ರತದ ಬಗ್ಗೆ ಅವರು ಏನು ಹೇಳಿದರೋ ಮರೆತಿದ್ದೇನೆ, ತೇಪೆ ಮರೆತಿಲ್ಲ.

ಆಮೇಲೆ ನಮ್ಮ ಪ್ರಶ್ನೆಗಳು. ಕೇಳದವರಿಗೆ ಉಪಯೋಗವಾಗಲಿ ಅಂತ ಬರೆಯುತ್ತೇನೆ. ನೊವಿಶಿಯೇಟ್‌ಗೆ (ವ್ರತಕ್ಕೆ ಮುಂಚಿನ ತರಬೇತಿಗೆ) 17 ತುಂಬಿರಲೇಬೇಕು, ಅದು ಕನಿಷ್ಠ ಒಂದು ವರ್ಷ, ಎರಡಕ್ಕಿಂತ ಹೆಚ್ಚಿಲ್ಲ ಎನ್ನಬಹುದು. ಮೊದಲ ವ್ರತಗಳು ತಾತ್ಕಾಲಿಕ, ಕನಿಷ್ಠ 3 ವರ್ಷ. ಅವಧಿ ಮುಗಿದಾಗ ಬೇಡವೆನಿಸಿದರೆ ಹೊರಬರಬಹುದು. ಗುರುಪಟ್ಟ, ಅಂದರೆ ಫಾದರ್ ಆಗುವ ದೀಕ್ಷೆ, ಸಾಮಾನ್ಯವಾಗಿ 25ಕ್ಕಿಂತ ಮೊದಲು ಇಲ್ಲ. "ವಾಪಸ್ ಬಂದ್ರೆ ಊರಲ್ಲಿ ಮುಖ ತೋರ್ಸೋದು ಹೆಂಗೆ ಫಾದರ್?" ಅಂತ ಒಬ್ಬರು ತಂದೆ ಕೇಳಿದರು. "ಬಿಟ್ಟು ಹೋದ ಹುಡುಗರ ಮದುವೆಗೆ ನಾನು ಹೋಗಿ ಊಟ ಮಾಡಿ ಬಂದಿದ್ದೀನಿ, ನೀವ್ಯಾಕೆ ತಲೆ ತಗ್ಗಿಸ್ತೀರಿ?" ಅಂದರು. ಹಾಲ್‌ನ ಗೋಡೆಯಲ್ಲಿ ಜೀನ್ಸ್ ಹಾಕಿದ ಇಟಲಿಯ ಹದಿಹರೆಯದ ಸಂತ ಕಾರ್ಲೊ ಅಕ್ಯುಟಿಸ್ ಪಕ್ಕದಲ್ಲೇ ದೇವಸಹಾಯಂ ಪಿಳ್ಳೈ ಚಿತ್ರ ಇತ್ತು. ದೇವಸಹಾಯಂ ತಿರುವಾಂಕೂರು ಅರಸರ ಕೆಲಸದಲ್ಲಿದ್ದ ಗೃಹಸ್ಥರು, 1752ರಲ್ಲಿ ವಿಶ್ವಾಸಕ್ಕಾಗಿ ಗುಂಡೇಟು ತಿಂದು ಸತ್ತರು, 2022ರಲ್ಲಿ ಸಂತರೆಂದು ಸಾರಲಾಯಿತು. ಮದುವೆಯೂ ಒಂದು ಕರೆ ಅಂತ ಫಾದರ್‌ಗಳನ್ನು ಹುಡುಕುವ ಕ್ಯಾಂಪಿನಲ್ಲೇ ಹೇಳಿದ್ದು ನನಗೆ ಹಿಡಿಸಿತು. ಅಲ್ಲಿಗೆ ನಾಲ್ಕು ಸ್ಟಾರ್.

ಐದನೆಯದು ಯಾಕಿಲ್ಲ? ಕೊಟ್ಟ ಹಾಳೆಗಳೆಲ್ಲ ಇಂಗ್ಲಿಷ್. ನನ್ನ ಪಕ್ಕದಲ್ಲಿ ಕೂತಿದ್ದ ಆನೇಕಲ್ ಕಡೆಯ ಅಕ್ಕ ಅದನ್ನು ಮಡಚಿ ಬೀಸಣಿಗೆ ಮಾಡಿಕೊಂಡರು. ಅದಕ್ಕಿಂತ ದೊಡ್ಡದು ಇನ್ನೊಂದು. ಒಬ್ಬನೇ ಮಗ ವ್ರತ ತೆಗೆದುಕೊಂಡರೆ ವಯಸ್ಸಾದ ತಂದೆತಾಯಿಗೆ ಯಾರು ಅಂತ ಕೇಳಿದೆ. ಬಾಡಿಗೆ ಮನೆ, ಒಂದು ಹೊಲಿಗೆ ಮೆಷಿನ್, ಯಜಮಾನರಿಗೆ ಸಕ್ಕರೆ ಕಾಯಿಲೆ. ದೇವರು ನೋಡ್ಕೋತಾರೆ ಅಂದರು. ನೋಡ್ಕೋತಾರೆ, ನನಗೂ ಗೊತ್ತು. ಆದರೆ ನಾನು ಕೇಳಿದ್ದು ಸಭೆಯ ನಿಯಮ ಏನು ಅಂತ. ಹುಡುಗರ ಜೊತೆ ಅಷ್ಟು ನೇರವಾಗಿ ಮಾತಾಡಿದವರು ನಮ್ಮ ಹತ್ತಿರ ಯಾಕೆ ಜಾರಿಕೊಳ್ಳಬೇಕು?

ಮಗ ಸದ್ಯಕ್ಕೆ ಬಿ.ಕಾಂ ಸೇರುತ್ತಿದ್ದಾನೆ. ಡಿಗ್ರಿ ಮುಗಿಸು, ಆಗಲೂ ಮನಸ್ಸಿದ್ದರೆ ಬಾ ಅಂತ ಫಾದರ್ ಅವರೇ ಹೇಳಿದರು. ಅತ್ತೆಗೆ ಬೇಜಾರು, ನನಗಿಲ್ಲ.

ಕಳಿಸುವವರು ದೀಕ್ಷಾಸ್ನಾನದ ಪ್ರಮಾಣಪತ್ರ, ನಿಮ್ಮ ಧರ್ಮಕೇಂದ್ರದ ಗುರುಗಳ ಪತ್ರ, ದಪ್ಪ ಹೊದಿಕೆ, ಓಡೋಮಾಸ್ ಕೊಟ್ಟು ಕಳಿಸಿ. ವಯಸ್ಸಾದ ಮೇಲೆ ನಮಗೆ ಯಾರು ಅನ್ನುವ ದುಡ್ಡಿನ ಪ್ರಶ್ನೆಯನ್ನು ಹುಡುಗನನ್ನು ಬಿಡಲು ಹೋದ ದಿನವೇ ಕೇಳಿ. ಕೊನೆಯ ದಿನ ಎಲ್ಲರಿಗೂ ಬಸ್ ಹಿಡಿಯುವ ಅವಸರ.