ಸಿಟಿ ಬಸ್ಸಿಗೆ ಯಾವುದು: ಎಥನಾಲಾ, ಪ್ರೆಸ್‌ಮಡ್ ಗ್ಯಾಸಾ, ಬಯೋಡೀಸೆಲ್ಲಾ?

ಬೆಳಗಾವಿ ಸುತ್ತ ಇಷ್ಟೊಂದು ಕಬ್ಬು, ಇಷ್ಟೊಂದು ಸಕ್ಕರೆ ಕಾರ್ಖಾನೆ ಇರುವಾಗ ಸಿಟಿ ಬಸ್ಸನ್ನೂ ಎಥನಾಲ್ ಮೇಲೆ ಓಡಿಸಬಹುದಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ನಾನು ಇಲ್ಲಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಬಸ್ಸುಗಳನ್ನು ನೋಡಿಕೊಳ್ಳುತ್ತೇನೆ. ಅವು ಊರೊಳಗೇ ಓಡುತ್ತವೆ, ನಿಲ್ಲೋದು ಹೊರಡೋದು ಎಲ್ಲಾ ಸಿಟಿ ಬಸ್ಸಿನ ಥರಾನೇ. ಮೂರನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿದ್ದೇನೆ, ನನ್ನ ಓಟು ಎಥನಾಲ್‌ಗೆ ಇಲ್ಲ.

ಡೀಸೆಲ್‌ಗೆ ಎಥನಾಲ್ ಬೆರೆಸಿದ್ದನ್ನು ಬಸ್ಸಿಗೆ ಹಾಕಲಿಲ್ಲ, ಲ್ಯಾಬಿನ ಹಳೇ ಡೀಸೆಲ್ ಎಂಜಿನ್‌ಗೆ ಹಾಕಿದೆವು. ಸ್ವಲ್ಪ ತೇವ ಸೇರಿದರೂ ಸಾಕು, ಎರಡೂ ಬೇರೆಬೇರೆಯಾಗಿ ನಿಲ್ಲುತ್ತವೆ. ಒಂದು ಲೀಟರ್ ಎಥನಾಲ್‌ನಲ್ಲಿ ಡೀಸೆಲ್‌ನ ಸುಮಾರು 60% ಶಕ್ತಿ ಮಾತ್ರ ಇದೆ, ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳುವ ಗುಣವಂತೂ ತೀರಾ ಕಡಿಮೆ. 2014ರಲ್ಲಿ ನಾಗಪುರದಲ್ಲಿ ಸ್ಕ್ಯಾನಿಯಾ ಕಂಪನಿಯ ಎಥನಾಲ್ ಬಸ್ ಓಡಿತ್ತು ನಿಜ, ಆದರೆ ಅದರ ಎಂಜಿನ್ನೇ ಬೇರೆ, ಇಂಧನಕ್ಕೆ ಹೊತ್ತಿಸುವ ರಾಸಾಯನಿಕವನ್ನೂ ಸೇರಿಸಬೇಕು. ಅದಕ್ಕಿಂತ ನಮ್ಮ ಎಥನಾಲ್ ಪೆಟ್ರೋಲ್‌ಗೇ ಹೋಗಲಿ.

ಪ್ರೆಸ್‌ಮಡ್ ಗ್ಯಾಸ್ ನನಗೆ ಇಷ್ಟವಾಯಿತು. ಕಬ್ಬಿನ ಹಾಲು ಸೋಸಿದ ಮೇಲೆ ಉಳಿಯುವ ಮಡ್ಡಿಯಿಂದ ಬರುವ ಮೀಥೇನ್ ಇದು. ಶುದ್ಧ ಮಾಡಿ ಒತ್ತಿದರೆ ಸಿಎನ್‌ಜಿ ಬಸ್ಸಿಗೆ ಏನೂ ಬದಲಾಯಿಸದೆ ತುಂಬಿಸಬಹುದು. ಪರಿಚಯದವರ ಸಿಎನ್‌ಜಿ ಮಿನಿ ಬಸ್ಸಿನಲ್ಲಿ ಜನರನ್ನು ತುಂಬಿಕೊಂಡು ಕಪಿಲೇಶ್ವರ ಮೇಲ್ಸೇತುವೆ ಹತ್ತಿಸಿದೆ, ಸದ್ದು ಕಡಿಮೆ, ಹೊಗೆ ಕಾಣಲೇ ಇಲ್ಲ. ಹೊಸ ಬಸ್ ಕೊಳ್ಳುವಾಗ ಇದನ್ನೇ ಕೊಳ್ಳಬೇಕು. ಆದರೆ ಗ್ಯಾಸ್ ಪಂಪು ಡಿಪೋ ಒಳಗೇ ಇರಬೇಕು, ಊರ ಬಂಕಿನಲ್ಲಿ ರಿಕ್ಷಾಗಳ ಹಿಂದೆ ಸಿಟಿ ಬಸ್ ಕ್ಯೂ ನಿಂತರೆ ಬೆಳಗಿನ ಟ್ರಿಪ್ ಹೋದಂತೆಯೇ.

ಈಗ ಡಿಪೋದಲ್ಲಿರುವ ಡೀಸೆಲ್ ಬಸ್ಸುಗಳಿಗೆ ಬಯೋಡೀಸೆಲ್ಲೇ ಸರಿ. ಹೊಂಗೆ ಎಣ್ಣೆ ಆಗಲಿ, ಹೋಟೆಲಿನಲ್ಲಿ ಮಿರ್ಚಿ ಕರಿದು ಬಿಟ್ಟ ಎಣ್ಣೆ ಆಗಲಿ, ಮೆಥನಾಲ್ ಮತ್ತು ಕ್ಷಾರ ಸೇರಿಸಿ ಗ್ಲಿಸರಿನ್ ಬೇರೆ ಮಾಡಿದರೆ ಬಯೋಡೀಸೆಲ್. ನಾವು ಡೀಸೆಲ್‌ಗೆ ಇದನ್ನು 20% ಬೆರೆಸಿದೆವು. ಮೈಲೇಜಿನಲ್ಲಿ ಡ್ರೈವರ್‌ಗಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ, ಯಾಕಂದ್ರೆ ಲೆಕ್ಕದಲ್ಲೂ ಕಡಿಮೆಯಾಗೋದು 2% ಆಸುಪಾಸು ಅಷ್ಟೇ. ಹಳೇ ಬಸ್ಸಿನ ಕಪ್ಪು ಹೊಗೆ ಮಾತ್ರ ಕಣ್ಣಿಗೆ ಕಾಣುವಷ್ಟು ಇಳಿಯಿತು. ಸಂಗ್ರಹಿಸಿಡೋದಕ್ಕೂ ಭಯವಿಲ್ಲ: ಕಿಡಿ ತಗುಲಿದರೆ ಎಥನಾಲ್‌ನ ಆವಿ 13 ಡಿಗ್ರಿಗೇ ಬೆಂಕಿ ಹಿಡಿಯುತ್ತದೆ, ಶುದ್ಧ ಬಯೋಡೀಸೆಲ್‌ಗೆ 100 ಡಿಗ್ರಿ ದಾಟಬೇಕು.

ಶುರುವಿನಲ್ಲಿ ಡೀಸೆಲ್ ಫಿಲ್ಟರ್ ಬೇಗ ಕಟ್ಟುತ್ತದೆ. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಕೊಳೆಯನ್ನೆಲ್ಲಾ ಬಯೋಡೀಸೆಲ್ ಕರಗಿಸಿ ತರುತ್ತದೆ, ಇಂಧನ ಕೆಟ್ಟದ್ದು ಅಂತ ಬೈಯಬೇಡಿ. ಫಿಲ್ಟರ್ ಬೇಗ ಬೇಗ ಬದಲಾಯಿಸಿ, ಆಮೇಲೆ ಸರಿಹೋಗುತ್ತದೆ. ಹೊಸ ಮಾಲಿನ್ಯ ನಿಯಮದ ಬಿಎಸ್-6 ಬಸ್ಸಾದರೆ ಕಂಪನಿ ಎಷ್ಟು ಪರ್ಸೆಂಟ್ ಒಪ್ಪಿದೆ ನೋಡಿಕೊಂಡೇ ಹಾಕಿ, ವಾರಂಟಿ ಪ್ರಶ್ನೆ ಇದೆ.

ಇನ್ನೊಂದು ವಿಷಯ ನಮ್ಮ ಊರಿನ ಚಳಿ. ಕರಿದ ಎಣ್ಣೆ ಪಾಮ್ ಎಣ್ಣೆಯಾಗಿದ್ದರೆ ಅದರ ಬಯೋಡೀಸೆಲ್ 15 ಡಿಗ್ರಿ ಹತ್ತಿರವೇ ಮಬ್ಬಾಗಿ ಹೆಪ್ಪುಗಟ್ಟೋಕೆ ಶುರುವಾಗುತ್ತದೆ. ಬೆಳಗಾವಿಯ ಡಿಸೆಂಬರ್ ಬೆಳಿಗ್ಗೆ ಅಷ್ಟು ಚಳಿ ಇದ್ದೇ ಇರುತ್ತದೆ. ಆ ತಿಂಗಳುಗಳಲ್ಲಿ ನಾವು 10%ಗೆ ಇಳಿಸುತ್ತೇವೆ, ಹೊಂಗೆಯದು ಸಿಕ್ಕರೆ ಮೊದಲು ಅದನ್ನೇ ತಗೊಳ್ಳುತ್ತೇವೆ.